ಕೆಲಸ ಬೇಕಾದಷ್ಟು, ಕೈಯಲ್ಲಿ ಕಾಸಿಲ್ಲ: ವಾಟರ್ ಡ್ಯಾಮೇಜ್ ಫ್ರಾಂಚೈಸಿಗೆ ಸಹಿ ಹಾಕುವ ಮುಂಚೆ ಓದಿ

ಅಮೆರಿಕದಲ್ಲಿ ಕೆಲಸ ಬಿಟ್ಟು ಸ್ವಂತ ವ್ಯಾಪಾರ ಮಾಡೋಣ ಅಂತ ಯೋಚಿಸುತ್ತಿರುವವರ ಮುಂದೆ ಬ್ರೋಕರ್‌ಗಳು ತಂದಿಡುವ ಫ್ರಾಂಚೈಸಿಗಳಲ್ಲಿ ವಾಟರ್ ಡ್ಯಾಮೇಜ್ ರೆಸ್ಟೊರೇಶನ್ ಕೂಡ ಒಂದು. ಪೈಪ್ ಒಡೆದೋ, ಚರಂಡಿ ಉಕ್ಕಿಯೋ ನೀರು ನುಗ್ಗಿದ ಮನೆಯನ್ನು ಒಣಗಿಸಿ, ಹಾಳಾದದ್ದನ್ನು ಕಿತ್ತು, ಮತ್ತೆ ಸರಿಮಾಡಿಕೊಡುವ ಕೆಲಸ. ಆರ್ಥಿಕತೆ ಬಿದ್ದರೂ ಪೈಪ್ ಒಡೆಯುವುದು ನಿಲ್ಲಲ್ಲ ಅಂತ ಮಾರುವವರು ಹೇಳುತ್ತಾರೆ. ಆ ಮಾತು ಸುಳ್ಳಲ್ಲ, ಕೆಲಸ ಬಂದೇ ಬರುತ್ತದೆ. ನಾನು ಮತ್ತು ನನ್ನ ಭಾವ ಸೇರಿ ಇಂಥದ್ದೊಂದು ಫ್ರಾಂಚೈಸಿ ನಡೆಸಿ, ಕೊನೆಗೆ ಬಿಟ್ಟು ಬಂದೆವು. ಕೆಲಸ ಸಿಗದೆ ಅಲ್ಲ. ಕೆಲಸ ಇದ್ದೂ ಖಾತೆಯಲ್ಲಿ ದುಡ್ಡು ನಿಲ್ಲದೆ. ಕಂಪನಿಯ ಹೆಸರು ಹೇಳುವುದಿಲ್ಲ, ಹೊರಗೆ ಬರುವಾಗ ಹಾಕಿಸಿಕೊಂಡ ಸಹಿ ಹಾಗಿದೆ.

ಮೊದಲು ಇಲ್ಲಿ ದುಡ್ಡು ಹೇಗೆ ಓಡಾಡುತ್ತದೆ ಅಂತ ತಿಳಿಯಬೇಕು. ಕರೆಯುವವರು ಮನೆಯವರು. ದುಡ್ಡು ಕೊಡುವವರು ಹೆಚ್ಚಾಗಿ ಇನ್ಶೂರೆನ್ಸ್ ಕಂಪನಿಯವರು. ನಡುವೆ ನೀವು. ನೀರು ನುಗ್ಗಿ 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಹಾಗಾಗಿ ಇನ್ಶೂರೆನ್ಸ್‌ನವರು ಹೂಂ ಅನ್ನಲಿ, ಆಮೇಲೆ ನೋಡೋಣ ಅಂತ ಕೂರುವ ಹಾಗಿಲ್ಲ. ಅರ್ಧ ರಾತ್ರಿಯಾದರೂ ಹೋಗಲೇಬೇಕು. ಹುಡುಗರ ಓವರ್‌ಟೈಮ್, ವ್ಯಾನಿನ ಖರ್ಚು, ಮಷಿನ್‌ಗಳ ಸಾಲದ ಕಂತು, ಎಲ್ಲ ನಿಮ್ಮ ಜೇಬಿನಿಂದ ಮೊದಲೇ ಹೋಗಿರುತ್ತದೆ.

ಒಂದು ಮನೆಯ ಕೆಲಸ ಹೇಳುತ್ತೇನೆ, ಆಗ ಅರ್ಥವಾಗುತ್ತದೆ. ಮನೆಯವರು ವಾರಾಂತ್ಯಕ್ಕೆ ಎಲ್ಲೋ ಹೋಗಿದ್ದರು. ಮೇಲಿನ ಮಹಡಿಯಲ್ಲಿ ವಾಷಿಂಗ್ ಮಷಿನ್‌ಗೆ ನೀರು ಬರುವ ಹೋಸ್ ಒಡೆದು, ನೀರು ಕೆಳಗಿನ ಹಾಲ್‌ನ ಕಾರ್ಪೆಟ್‌ವರೆಗೆ ಇಳಿದಿತ್ತು. ಗೋಡೆ ನೋಡೋದಕ್ಕೆ ಒಣಗಿದ ಹಾಗೇ ಇತ್ತು. ಭಾವ ತೇವ ಅಳೆಯುವ ಮಾಯಿಶ್ಚರ್ ಮೀಟರಿನ ಎರಡು ಸೂಜಿಯನ್ನು ನೆಲದಿಂದ ಒಂದಡಿ ಮೇಲೆ ಚುಚ್ಚಿದರೆ ಮೀಟರ್ ಕೂಗಿಕೊಳ್ಳುತ್ತಿತ್ತು. ಗೋಡೆಯ ಬುಡದ ಪಟ್ಟಿ (ಬೇಸ್‌ಬೋರ್ಡ್) ಕಿತ್ತು, ಗೋಡೆಯ ಅಡಿಯಲ್ಲಿ ತೂತು ಕೊರೆದು, ಉದ್ದಕ್ಕೂ ಜೋರಾಗಿ ಗಾಳಿ ಬೀಸುವ ಏರ್ ಮೂವರ್ ಇಟ್ಟು, ನಡುವೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ನಿಲ್ಲಿಸಿದೆವು. ಆಮೇಲೆ ದಿನಾ ಹೋಗಿ ರೀಡಿಂಗ್ ತೆಗೆದು, ಫೋಟೋ ಸಮೇತ ಬರೆದಿಡಬೇಕು. ಡ್ರೈಯಿಂಗ್ ಲಾಗ್ ಅಂದರೆ ಇದೇ.

ಗೋಡೆ ಚೆನ್ನಾಗಿ ಒಣಗಿತು, ಮನೆಯವರಿಗೂ ಖುಷಿಯಾಯಿತು. ಎಕ್ಸಾಕ್ಟಿಮೇಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸಾಲುಸಾಲಾಗಿ ಬಿಲ್ ಮಾಡಿ ಕಳಿಸಿದೆವು. ಅಲ್ಲಿಂದ ಶುರುವಾಯಿತು ನೋಡಿ. ಆ ಮನೆಯೊಳಗೆ ಕಾಲಿಡದ, ಇನ್ಶೂರೆನ್ಸ್ ಕಡೆಯಿಂದ ಬಿಲ್ ಪರೀಕ್ಷಿಸುವ ರಿವ್ಯೂವರ್ ಒಬ್ಬರು ಒಂದೊಂದೇ ಸಾಲು ಹೊಡೆಯುತ್ತಾ ಬಂದರು. ಮಷಿನ್‌ಗಳ ಬಾಡಿಗೆ 24 ಗಂಟೆಗೆ ಇಷ್ಟು ಅಂತ ಲೆಕ್ಕ. ಒಂದು ದಿನದ ರೀಡಿಂಗ್ ಇತ್ತು, ಫೋಟೋ ಅಪ್‌ಲೋಡ್ ಆಗಿರಲಿಲ್ಲ. ಆ ದಿನದ ಅಷ್ಟೂ ಮಷಿನ್‌ಗಳ ಬಾಡಿಗೆ ಕಟ್. ಇನ್ನೊಂದು ಜಗಳ ನೀರಿನ ಕೆಟಗರಿಯದು. ಈ ಉದ್ಯೋಗದಲ್ಲಿ ಎಲ್ಲರೂ ಒಪ್ಪುವ ಎಸ್500 ಸ್ಟ್ಯಾಂಡರ್ಡ್ ಪ್ರಕಾರ ಶುದ್ಧ ನೀರು ಕೆಟಗರಿ 1, ಕೊಳಕು ಸೇರಿದ್ದು 2, ಚರಂಡಿ ನೀರಿನಂಥದ್ದು 3. ಶುದ್ಧ ನೀರೂ ಎರಡು ಮೂರು ದಿನ ನಿಂತರೆ ಕೆಟ್ಟು ಕೆಟಗರಿ 2 ಆಗಬಹುದು, ಅಲ್ವಾ? ಆ ಮನೆಯಲ್ಲಿ ಆಗಿದ್ದು ಅದೇ. ಅದಕ್ಕೇ ಕಾರ್ಪೆಟ್ ಅಡಿಯ ಪ್ಯಾಡ್ ಕಿತ್ತು ಎಸೆದಿದ್ದೆವು. ರಿವ್ಯೂವರ್ ಮಾತ್ರ ಹೋಸ್ ನೀರು ಅಂದಮೇಲೆ ಕೆಟಗರಿ 1 ಅಂತ ಹಿಡಿದ ಪಟ್ಟು ಬಿಡಲಿಲ್ಲ. ಪ್ಯಾಡ್ ಕಿತ್ತದ್ದು, ಔಷಧಿ ಹೊಡೆದದ್ದು, ಎಲ್ಲಕ್ಕೂ ಗೀಟು.

ಉಳಿದ ದುಡ್ಡಾದರೂ ಬಂತಾ? ಚೆಕ್ ಬಂತು, ನಮ್ಮ ಹೆಸರಿಗಲ್ಲ. ಮನೆಯವರ ಹೆಸರು ಮತ್ತು ಅವರಿಗೆ ಮನೆ ಸಾಲ ಕೊಟ್ಟ ಬ್ಯಾಂಕಿನ ಹೆಸರು, ಎರಡೂ ಸೇರಿಸಿ. ಬ್ಯಾಂಕಿನ ಸಹಿ ಬೀಳುವವರೆಗೆ ಅದು ಬರೀ ಕಾಗದ. ತಿಂಗಳುಗಟ್ಟಲೆ ಫೋನ್ ಮಾಡಿ ಮಾಡಿ ಸಾಕಾಯಿತು. ಒಳ್ಳೆಯ ಮನೆಯವರು, ಬೈಯುವುದಾದರೂ ಯಾರನ್ನು?

ಇಷ್ಟೂ ಕಷ್ಟ ಫ್ರಾಂಚೈಸಿ ಇಲ್ಲದೆ ಮಾಡುವವರಿಗೂ ಇದೆ. ಫ್ರಾಂಚೈಸಿ ಅದರ ಮೇಲೆ ಏನು ಹೇರುತ್ತದೆ ಅನ್ನುವುದು ನನ್ನ ವಿಷಯ. ನಮ್ಮ ಕರಾರಿನಲ್ಲಿ ರಾಯಲ್ಟಿ, ಅಂದರೆ ಅವರ ಹೆಸರಿನಲ್ಲಿ ವ್ಯಾಪಾರ ಮಾಡಲು ಕಂಪನಿಗೆ ಕೊಡುವ ಪಾಲು, ಇದ್ದದ್ದು ಬಿಲ್ ಮೊತ್ತದ ಮೇಲೆ. ಬಂದ ದುಡ್ಡಿನ ಮೇಲಲ್ಲ. ಬಿಲ್ ಮಾಡಿದ ವಾರವೇ ನಮ್ಮ ಖಾತೆಯಿಂದ ಅವರೇ ನೇರ ಎಳೆದುಕೊಳ್ಳುತ್ತಿದ್ದರು. ರಿವ್ಯೂವರ್ ಗೀಟು ಹಾಕಿದ ಸಾಲುಗಳಿಗೂ ರಾಯಲ್ಟಿ ಆಗಲೇ ಹೋಗಿರುತ್ತಿತ್ತು. ವಾಪಸ್ ಕೇಳಿದರೆ ಮುಂದೆ ಹೊಂದಿಸುತ್ತೇವೆ ಅನ್ನುವ ಉತ್ತರ. ಜೊತೆಗೆ ಜಾಹೀರಾತು ನಿಧಿ, ಸಾಫ್ಟ್‌ವೇರ್ ಫೀಸು. ಕೆಲಸ ಕಡಿಮೆ ಇದ್ದ ತಿಂಗಳಲ್ಲೂ ಕನಿಷ್ಠ ರಾಯಲ್ಟಿ ಕಟ್ಟಲೇಬೇಕು.

ಇನ್ಶೂರೆನ್ಸ್ ಕಂಪನಿಗಳ ಜೊತೆ ನಮಗೆ ದೇಶದ ತುಂಬಾ ಒಪ್ಪಂದ ಇದೆ, ಫೋನ್ ತಾನಾಗೇ ಹೊಡೆದುಕೊಳ್ಳುತ್ತದೆ ಅಂತಲೂ ಹೇಳಿದ್ದರು. ಒಪ್ಪಂದ ಇದ್ದದ್ದು ನಿಜ. ಆದರೆ ಆ ಕೆಲಸ ಹಂಚುವುದು ನಡುವಿನ ಒಂದು ಕಂಪನಿ, ಟಿಪಿಎ ಅನ್ನುತ್ತಾರೆ. ಅವರ ಪಟ್ಟಿಗೆ ಸೇರಲು ಇಂತಿಷ್ಟು ವ್ಯಾನ್, ಸರ್ಟಿಫಿಕೇಟ್ ಇರುವ ಇಂತಿಷ್ಟು ಜನ ಇರಬೇಕು. ಸೇರಿದ ಮೇಲೆ ಸ್ಕೋರ್ ಜಾಸ್ತಿ ಇದ್ದವರಿಗೆ ಮೊದಲ ಕರೆ. ಹೊಸಬರಿಗೆ ಸ್ಕೋರ್ ಎಲ್ಲಿಂದ ಬರಬೇಕು? ನಮಗೆ ಅಂತ ಗುರುತಿಸಿಕೊಟ್ಟ ಪ್ರದೇಶದ (ಟೆರಿಟರಿ) ಒಳಗಿನ ಕೆಲಸಕ್ಕೆ ಪಕ್ಕದ ಹಳೆಯ ಫ್ರಾಂಚೈಸಿಯವರ ವ್ಯಾನ್ ಬಂದು ನಿಂತದ್ದನ್ನು ಭಾವ ಕಣ್ಣಾರೆ ನೋಡಿದರು. ಕೇಳಿದ್ದಕ್ಕೆ ಕಂಪನಿಯವರು ಕರಾರಿನ ಪುಟ ತೋರಿಸಿದರು. ನ್ಯಾಷನಲ್ ಅಕೌಂಟ್ ಕೆಲಸಕ್ಕೆ, ಅಂದರೆ ದೇಶದ ತುಂಬಾ ಇರುವ ಒಪ್ಪಂದದಿಂದ ಬರುವ ಕೆಲಸಕ್ಕೆ, ಟೆರಿಟರಿ ರಕ್ಷಣೆ ಅನ್ವಯಿಸಲ್ಲ ಅಂತ ಅದರಲ್ಲಿತ್ತು. ಮಾರುವಾಗ ದಿನಾ ಫೋನ್ ಮಾಡುತ್ತಿದ್ದ ಸೇಲ್ಸ್‌ನವರು ಆ ಹೊತ್ತಿಗೆ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ!

ಸುಮ್ನೆ ಒಂದು ಮಾತು: ಇವರ ವಿಡಿಯೋಗಳಲ್ಲಿ ಚಂಡಮಾರುತ, ಮುಳುಗಿದ ಬೀದಿಗಳನ್ನೇ ತೋರಿಸುತ್ತಾರೆ. ಹೊರಗಿನಿಂದ ಏರಿ ಬಂದ ಪ್ರವಾಹದ ನೀರು ಮಾಮೂಲಿ ಮನೆ ಇನ್ಶೂರೆನ್ಸ್‌ನಲ್ಲಿ ಬರುವುದಿಲ್ಲ. ಅದಕ್ಕೆ ಬೇರೆ ಫ್ಲಡ್ ಪಾಲಿಸಿ ಬೇಕು, ಅದು ಎಷ್ಟೋ ಮನೆಗಳಲ್ಲಿ ಇರುವುದಿಲ್ಲ. ಮನೆ ಕಳೆದುಕೊಂಡವರ ಹತ್ತಿರ ಬಿಲ್ ಹಿಡಿದು ಹೋಗುವ ಕೆಲಸ ಯಾರಿಗೂ ಬೇಡ.

ಇನ್ನು ಎಫ್‌ಡಿಡಿ, ಅಂದರೆ ಫ್ರಾಂಚೈಸಿಯ ವಿವರಗಳನ್ನು ಬರೆದು ಕಂಪನಿ ಕೊಡುವ ದಾಖಲೆ (ಫ್ರಾಂಚೈಸ್ ಡಿಸ್‌ಕ್ಲೋಷರ್ ಡಾಕ್ಯುಮೆಂಟ್). ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಿಯಮದ ಪ್ರಕಾರ ಸಹಿ ಹಾಕಿಸಿಕೊಳ್ಳುವ ಅಥವಾ ದುಡ್ಡು ಪಡೆಯುವ ಕನಿಷ್ಠ 14 ದಿನ ಮುಂಚೆ ಈ ದಾಖಲೆಯನ್ನು ಕೈಗೆ ಕೊಡಲೇಬೇಕು. ಒಳಗೆ 23 ಐಟಂ. ಸರ್ಕಾರ ಇದನ್ನು ಓದಿ ಸರಿ ಇದೆ ಅಂತ ಮುದ್ರೆ ಒತ್ತಿದೆ ಅಂದುಕೊಳ್ಳಬೇಡಿ. ಕೆಲವು ರಾಜ್ಯಗಳು ನೋಂದಣಿ ಕೇಳುತ್ತವೆ, ಆದರೆ ಕಮಿಷನ್ ಒಂದೊಂದನ್ನೂ ಪರೀಕ್ಷಿಸುವುದಿಲ್ಲ. ರಾಯಲ್ಟಿ ಬಿಲ್ ಮೇಲಾ, ಬಂದ ದುಡ್ಡಿನ ಮೇಲಾ ಅನ್ನುವುದು ಐಟಂ 6ರಲ್ಲಿ, ಅದರ ಕೆಳಗಿನ ಸಣ್ಣಕ್ಷರದ ಟಿಪ್ಪಣಿಯಲ್ಲಿ ಸಿಗುತ್ತದೆ. ಟೆರಿಟರಿ ಐಟಂ 12. ಐಟಂ 7ರಲ್ಲಿ ಶುರು ಮಾಡಲು ಎಷ್ಟು ಬೇಕು ಅಂತ ಒಂದು ಪಟ್ಟಿ ಇರುತ್ತದೆ, ಕೊನೆಯ ಸಾಲು ಕೈಯಲ್ಲಿ ಇಟ್ಟುಕೊಳ್ಳಬೇಕಾದ ಹೆಚ್ಚುವರಿ ದುಡ್ಡು. ನಮ್ಮದರಲ್ಲಿ ಅದು ಮೂರು ತಿಂಗಳಿಗೆ ಹಾಕಿದ ಲೆಕ್ಕ. ಮೊದಲ ದೊಡ್ಡ ಇನ್ಶೂರೆನ್ಸ್ ಚೆಕ್ ನಮ್ಮ ಖಾತೆಗೆ ಬೀಳುವ ಹೊತ್ತಿಗೆ ಆ ಮೂರು ತಿಂಗಳು ಯಾವತ್ತೋ ಮುಗಿದಿತ್ತು.

ಐಟಂ 19ರಲ್ಲಿ ಗಳಿಕೆಯ ಅಂಕಿ ಕೊಡುವುದು ಕಂಪನಿಯ ಇಷ್ಟ, ಕಡ್ಡಾಯ ಅಲ್ಲ. ಕೊಟ್ಟಿದ್ದರೆ ಯಾರ ಸರಾಸರಿ ಅಂತ ನೋಡಿ. ನಮಗೆ ತೋರಿಸಿದ್ದು ಹಳೆಯ, ದೊಡ್ಡ ಫ್ರಾಂಚೈಸಿಗಳ ವ್ಯಾಪಾರದ ಮೊತ್ತ. ಲಾಭದ ಅಂಕಿ ಅದರಲ್ಲಿ ಎಲ್ಲೂ ಇರಲಿಲ್ಲ.

ಬಿಡುವುದು ಸೇರುವುದಕ್ಕಿಂತ ದುಬಾರಿ. ವ್ಯಾನಿನ ಮೇಲೆ ಬರೆಸಿದ್ದ ಫೋನ್ ನಂಬರ್ ಕಂಪನಿಗೆ ಹೋಯಿತು. ನಾವು ಬೆವರು ಸುರಿಸಿ ಗಳಿಸಿದ ರಿವ್ಯೂಗಳೂ ಅವರ ಪಾಲಾದವು. ಅದೇ ಊರಲ್ಲಿ ಅದೇ ಕೆಲಸ ಕೆಲವು ವರ್ಷ ಮಾಡುವ ಹಾಗಿಲ್ಲ. ನಮ್ಮ ವ್ಯಾಪಾರ ಎಲ್‌ಎಲ್‌ಸಿ (ಮಾಲೀಕರ ಹೊಣೆಗೆ ಮಿತಿ ಇರುವ ಕಂಪನಿ) ಹೆಸರಿನಲ್ಲಿ ಇದ್ದರೂ ನಾವಿಬ್ಬರೂ ವೈಯಕ್ತಿಕ ಜಾಮೀನಿಗೆ ಸಹಿ ಹಾಕಿದ್ದರಿಂದ ಬಾಕಿ ಮನೆಯವರೆಗೂ ಬಂತು. ಈ ನಾಲ್ಕು ಕಲಮುಗಳನ್ನು ಫ್ರಾಂಚೈಸಿ ಕೇಸು ನೋಡುವ ವಕೀಲರಿಗೇ ತೋರಿಸಿ, ಮನೆ ರಿಜಿಸ್ಟ್ರಿ ಮಾಡಿಸಿದ ವಕೀಲರಿಗಲ್ಲ.

ಕೆಲಸ ಕಲಿಯಲು ಫ್ರಾಂಚೈಸಿಯೇ ಬೇಕು ಅಂತಲೂ ಇಲ್ಲ. ನಮ್ಮ ಹುಡುಗರು ಮಾಡಿದ್ದು ಐಐಸಿಆರ್‌ಸಿ ಅನ್ನುವ ಸಂಸ್ಥೆಯ, ಇದೇ ಕೆಲಸ ಕಲಿಸುವ ಡಬ್ಲ್ಯೂಆರ್‌ಟಿ ಕೋರ್ಸ್. ಫೀಸು ಕಟ್ಟಿದರೆ ಯಾರು ಬೇಕಾದರೂ ಸೇರಬಹುದು, ಕೆಲವೇ ದಿನದ್ದು. ಎಸ್500 ಕೂಡ ಅದೇ ಸಂಸ್ಥೆಯದು.

ಫ್ರಾಂಚೈಸಿಯೇ ಬೇಕು ಅನ್ನುವವರು ಐಟಂ 20ನ್ನು ಮೊದಲು ತೆಗೆಯಿರಿ. ಮೂರು ವರ್ಷದಲ್ಲಿ ಎಷ್ಟು ಶಾಖೆ ತೆರೆದವು, ಎಷ್ಟು ಮುಚ್ಚಿದವು, ಎಷ್ಟು ಕೈ ಬದಲಾದವು ಅಂತ ಅಲ್ಲಿರುತ್ತದೆ. ಹಿಂದಿನ ವರ್ಷ ಬಿಟ್ಟು ಹೋದವರ ಹೆಸರು, ಸಂಪರ್ಕವೂ ಇರುತ್ತದೆ. ಸೇಲ್ಸ್‌ನವರು ಕೊಡುವ ಖುಷಿಯಾಗಿರುವವರ ನಂಬರ್ ಪಕ್ಕಕ್ಕಿಟ್ಟು ಈ ಪಟ್ಟಿಗೆ ಫೋನ್ ಮಾಡಿ. ಕೆಲವರು ಏನೂ ಹೇಳುವ ಹಾಗಿಲ್ಲ, ಸಹಿ ಹಾಕಿದ್ದೀನಿ ಅನ್ನುತ್ತಾರೆ. ಅಂಥವರು ಎಷ್ಟು ಜನ ಅಂತ ಬರೆದಿಟ್ಟುಕೊಳ್ಳಿ. ಮಾತಾಡುವವರು ಸಿಕ್ಕರೆ ವರ್ಷಕ್ಕೆ ಎಷ್ಟು ವ್ಯಾಪಾರ ಅಂತ ಕೇಳಬೇಡಿ. ಬಿಲ್ ಕಳಿಸಿ 90 ದಿನವಾದರೂ ಬಾರದ ದುಡ್ಡು ಎಷ್ಟಿತ್ತು, ಅದರ ರಾಯಲ್ಟಿ ಆಗಲೇ ಕಟ್ಟಿಯಾಗಿತ್ತಾ ಅಂತ ಕೇಳಿ.