ಬೆರಳಿನ ಬಿಸಿ ತೋರಿಸುವ ಬಯೋಫೀಡ್‌ಬ್ಯಾಕ್ ಯಂತ್ರ: ತಣ್ಣಗಿರುವ ಡಯಾಬಿಟಿಸ್ ಕಾಲಿಗೆ ಎಷ್ಟು ಉಪಯೋಗ?

ನನಗೂ ಡಯಾಬಿಟಿಸ್ ಇದೆ, ಈ ಯಂತ್ರವನ್ನು ಬಹಳ ಕಾಲದಿಂದ ಬಳಸುತ್ತಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ. ಬಯೋಫೀಡ್‌ಬ್ಯಾಕ್ ಅಂದ್ರೆ ಮೈಯಲ್ಲಾಗುವ ಬದಲಾವಣೆಯನ್ನು ಅಂಕಿಯಲ್ಲೋ ಸದ್ದಿನಲ್ಲೋ ಗಮನಿಸುತ್ತಾ ಅದನ್ನು ಹಿಡಿತಕ್ಕೆ ತರಲು ಕಲಿಯುವುದು. ದೊಡ್ಡ ಯಂತ್ರವೇನಲ್ಲ. ತಂತಿಯ ತುದಿಯಲ್ಲಿ ಪುಟ್ಟ ಸೆನ್ಸರ್, ಅದನ್ನು ಬೆರಳಿಗೆ ಅಂಟಿಸಿದರೆ ಚರ್ಮದ ಬಿಸಿ ಎಷ್ಟಿದೆ ಅಂತ ಪರದೆಯಲ್ಲಿ ಕಾಣುತ್ತದೆ, ಏರಿದರೆ ಇಳಿದರೆ ಸದ್ದು ಬದಲಾಗುತ್ತದೆ. ಜೊತೆಗೆ ‘ಕಾಲು ಭಾರವಾಗಿದೆ, ಬೆಚ್ಚಗಿದೆ’ ಅಂತ ಹೇಳಿಕೊಡುವ ಆಡಿಯೊ. ದನಿ ಸ್ವಲ್ಪ ಬೋರು, ನಾನೀಗ ಅದನ್ನು ಹಾಕುವುದೇ ಇಲ್ಲ.

ಒತ್ತಡದಲ್ಲಿದ್ದಾಗ ಚರ್ಮದ ಸಣ್ಣ ರಕ್ತನಾಳಗಳು ಬಿಗಿಯಾಗುತ್ತವೆ, ಮೈ ಸಡಿಲ ಬಿಟ್ಟರೆ ಹಿಗ್ಗುತ್ತವೆ, ಬಿಸಿ ರಕ್ತ ತುದಿಯವರೆಗೆ ಬರುತ್ತದೆ. ಇದರ ಲೆಕ್ಕಾಚಾರ ಇಷ್ಟೇ. ಆದರೆ ಮಜಾ ಏನಂದ್ರೆ, ‘ಏರು, ಏರು’ ಅಂತ ಹಠ ಹಿಡಿದಷ್ಟೂ ಅಂಕಿ ಇಳಿಯುತ್ತದೆ! ಉಸಿರು ನಿಧಾನ ಮಾಡಿ, ಏರಿದರೂ ಸರಿ ಬಿಟ್ಟರೂ ಸರಿ ಅಂತ ಸುಮ್ನೆ ಕೂತಾಗಲೇ ಮೇಲೆ ಹೋಗುವುದು. ಕೈಬೆರಳಿಗೆ ಬೇಗ ಬಂತು. ಕಾಲ್ಬೆರಳಿಗೆ ತಿಂಗಳುಗಟ್ಟಲೆ ಹಿಡಿಯಿತು, ಈಗಲೂ ಕೆಲವು ದಿನ ಏನೂ ಆಗುವುದಿಲ್ಲ. ಕೋಣೆ ತಣ್ಣಗಿದ್ದರೆ, ಸೆನ್ಸರ್ ಸಡಿಲಾದರೆ ಅಂಕಿ ನಂಬಬೇಡಿ. ಸಿಗರೇಟ್ ಸೇದುವವರಂತೂ ಮೊದಲು ಅದನ್ನು ಬಿಡಿ, ನಿಕೋಟಿನ್ ನಾಳಗಳನ್ನು ಬಿಗಿ ಮಾಡುತ್ತದೆ.

ನನಗಾದ ಲಾಭ: ರಾತ್ರಿ ಪಾದ ಅಷ್ಟು ತಣ್ಣಗಾಗುವುದಿಲ್ಲ, ನಿದ್ದೆ ಚೆನ್ನಾಗಿದೆ. ಜೋಮು ಹಾಗೇ ಇದೆ. ಶುಗರ್‌ನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದು ಬಿಗಿದ ನಾಳವನ್ನು ಸಡಿಲಿಸಬಹುದು, ಕೊಬ್ಬು ಕಟ್ಟಿ ಮುಚ್ಚಿದ ನಾಳವನ್ನು ತೆರೆಯುವುದಿಲ್ಲ. ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ನೋವು ಬಿಡುತ್ತದಾ? ಹಾಗಿದ್ದರೆ ಯಂತ್ರ ಆಮೇಲೆ, ಮೊದಲು ಡಾಕ್ಟರ ಹತ್ತಿರ ಎಬಿಐ ಮಾಡಿಸಿ, ಅಂದ್ರೆ ಕಾಲಿನ ಬಿಪಿಯನ್ನು ತೋಳಿನ ಬಿಪಿಗೆ ಹೋಲಿಸುವ ಪರೀಕ್ಷೆ. 0.9ಕ್ಕಿಂತ ಕಡಿಮೆ ಬಂದರೆ ಅಡಚಣೆ ಇರುವ ಸೂಚನೆ. ಡಯಾಬಿಟಿಸ್‌ನಲ್ಲಿ ನಾಳ ಗಡುಸಾಗಿ ಅಂಕಿ ಸುಳ್ಳೇ ಜಾಸ್ತಿ ಬರುವುದೂ ಉಂಟು, ಆಗ ಕಾಲ್ಬೆರಳಿನ ಬಿಪಿ ನೋಡಿಸಬೇಕಾಗುತ್ತದೆ. ಕಾಲಲ್ಲಿ ವಾಸಿಯಾಗದ ಗಾಯವಿದ್ದರೆ ಕಾಯಲೇಬೇಡಿ. ಇನ್ನು ಅಂಕಿ ಏರಲಿಲ್ಲ ಅಂತ ಬಿಸಿನೀರಿನ ಚೀಲ ಇಟ್ಟುಕೊಳ್ಳುವವರೂ ಇದ್ದಾರೆ, ಸ್ಪರ್ಶ ತಿಳಿಯದ ಪಾದಕ್ಕೆ ಸುಟ್ಟದ್ದೂ ಗೊತ್ತಾಗುವುದಿಲ್ಲ ಅಲ್ವಾ?

ಯಂತ್ರದ ಮೇಲೆ ನನ್ನ ದೊಡ್ಡ ತಕರಾರು ಜೊತೆಗೆ ಬರುವ ಟೇಪ್. ಕೀಳುವಾಗ ಚರ್ಮ ಎಳೆಯುತ್ತದೆ, ನಮ್ಮಂಥವರ ಕಾಲಿಗೆ ಅದು ಬೇಡ. ಪೇಪರ್ ಟೇಪ್ ಬಳಸಿ, ತೆಗೆದ ಮೇಲೆ ಬೆರಳ ಸಂದಿಯನ್ನು ಒಮ್ಮೆ ನೋಡಿಕೊಳ್ಳಿ.