ಮೈಕ್‌ಸೆಟ್ಟಿನವನ ಕಿವಿಗೆ ಕ್ರಾಫ್ಟ್‌ವರ್ಕ್

ಕುಮಟಾದಲ್ಲಿ ನಮ್ಮದು ಮೈಕ್‌ಸೆಟ್ ಕೆಲಸ. ಮದುವೆ, ಗಣಪತಿ, ಯಕ್ಷಗಾನದ ಆಟ, ಶಾಲೆಯ ಗ್ಯಾದರಿಂಗು, ಕರೆದಲ್ಲಿಗೆ ಹೋಗುತ್ತೇವೆ. ಬಾಕ್ಸ್ ಇಳಿಸಿ, ವಯರು ಎಳೆದ ಮೇಲೆ ಚೆಕ್ ಮಾಡಲು ನಾನು ಹಾಕುವುದು ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತದ ತಂಡ ಕ್ರಾಫ್ಟ್‌ವರ್ಕ್‌ನ ‘ನಂಬರ್ಸ್’. 1981ರ ‘ಕಂಪ್ಯೂಟರ್ ವರ್ಲ್ಡ್’ ಆಲ್ಬಮ್ಮಿನದು. ಸಾಹಿತ್ಯ ಅಂತ ಏನೂ ಇಲ್ಲ. ಜರ್ಮನ್, ಇಂಗ್ಲಿಷ್, ಜಪಾನಿ ಹೀಗೆ ಬೇರೆ ಬೇರೆ ಭಾಷೆಯಲ್ಲಿ ಒಂದು, ಎರಡು, ಮೂರು ಅಂತ ಎಣಿಸುತ್ತಾರೆ. ಆದರೆ ಅದರ ಡ್ರಮ್ಮಿನ ಪೆಟ್ಟು ಕೇಳಬೇಕು. ಒಂದು ಪೆಟ್ಟು ಪೂರ್ತಿ ನಿಂತ ಮೇಲೆಯೇ ಇನ್ನೊಂದು. ನಡುವೆ ಖಾಲಿ ಜಾಗ. ಬಾಕ್ಸಿನೊಳಗೆ ತೆಳು ಸದ್ದು ಹೊರಡಿಸುವ ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ಸುಟ್ಟಿದ್ದರೆ ಆ ಖಾಲಿ ಜಾಗದಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ. ಇದು ಸರಿಯಾಗಿ ಕೇಳಿಸಿದ ಬಾಕ್ಸಿನಲ್ಲಿ ರಾತ್ರಿ ಚಂಡೆಯೂ ಸರಿಯಾಗಿ ಕೇಳಿಸುತ್ತದೆ, ಅದು ನನ್ನ ಗ್ಯಾರಂಟಿ.

ನಮ್ಮ ಕೆಲಸದ ಹುಡುಗ ಮಾತ್ರ ಪ್ರತಿ ಸಲ ಕೇಳುತ್ತಾನೆ: ‘ಅಣ್ಣಾ, ಇದ್ರಲ್ಲಿ ಹಾಡು ಶುರುವಾಗೂದು ಯಾವಾಗ?’

ಕ್ರಾಫ್ಟ್‌ವರ್ಕ್‌ನವರ ಮೇಲೆ ಎಲ್ಲರದ್ದೂ ಅದೇ ದೂರು. ಮಷೀನ್ ಸಂಗೀತ, ಜೀವ ಇಲ್ಲ ಅಂತ. ನನಗಂತೂ ಇವರು ಬಹಳ ತಮಾಷೆಯ ಜನ ಅನ್ನಿಸುತ್ತದೆ. ನಗದೆ ನಗಿಸುವವರು. 1970ರಲ್ಲಿ ಜರ್ಮನಿಯ ಡ್ಯುಸೆಲ್ಡಾರ್ಫ್‌ನಲ್ಲಿ ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯನ್ ಶ್ನೈಡರ್ ಸೇರಿ ಕಟ್ಟಿದ ತಂಡ ಇದು. ಶ್ನೈಡರ್ ಮೊದಲು ಫ್ಲೂಟ್ ನುಡಿಸುತ್ತಿದ್ದವರು. 1974ರ ‘ಆಟೋಬಾನ್’ (ಜರ್ಮನ್‌ನಲ್ಲಿ ಹೆದ್ದಾರಿ ಅಂತ) ಹಾಡಿನಲ್ಲಿ ಆ ಫ್ಲೂಟ್ ಇನ್ನೂ ಇದೆ.

ಆ ಹಾಡು 22 ನಿಮಿಷಕ್ಕಿಂತ ಜಾಸ್ತಿ. ರೆಕಾರ್ಡಿನ ಒಂದು ಬದಿ ಪೂರ್ತಿ ಅದೊಂದೇ. ಕಾರಿನ ಬಾಗಿಲು ಹಾಕುವ ಸದ್ದು, ಎಂಜಿನ್ ಸ್ಟಾರ್ಟ್, ಹಾರ್ನ್, ಆಮೇಲೆ ರಸ್ತೆ. ಟೆಂಪೋದಲ್ಲಿ ಕುಮಟಾ ಬಿಡುವಾಗ ಹಾಕಿದರೆ ಹೆಚ್ಚುಕಡಿಮೆ ಹೊನ್ನಾವರಕ್ಕೆ ಮುಗಿಯುತ್ತದೆ, ದಾರಿಯಲ್ಲಿ ಹೊಂಡ ಇಲ್ಲದಿದ್ದರೆ. ಆದರೆ ಇದನ್ನು ಎರಡೂ ಕಿವಿಗೆ ಹೆಡ್‌ಫೋನ್ ಹಾಕಿಯೇ ಕೇಳಬೇಕು. ಕಾರು ಒಂದು ಕಿವಿಯಿಂದ ಇನ್ನೊಂದಕ್ಕೆ ಹಾದುಹೋಗುತ್ತದೆ. ಕಾರ್ಯಕ್ರಮಗಳಲ್ಲಿ ಬಲಕ್ಕೆ ಕೂತವರಿಗೂ ಎಡಕ್ಕೆ ಕೂತವರಿಗೂ ಒಂದೇ ಥರ ಕೇಳಲಿ ಅಂತ ನಾವು ಮೊನೊ ಮಾಡುತ್ತೇವೆ, ಅಂದರೆ ಎರಡೂ ಬದಿಯ ಬಾಕ್ಸಿಗೆ ಒಂದೇ ಸದ್ದು. ಮೊನೊದಲ್ಲಿ ಈ ಕಾರು ನಿಂತಲ್ಲೇ ಕಿರುಚುತ್ತದೆ, ಅಷ್ಟೇ.

ನನ್ನ ಮಟ್ಟಿಗೆ ಇವರ ಆಲ್ಬಮ್ಮುಗಳಲ್ಲಿ ಮೊದಲನೇದು 1977ರ ‘ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್’. 1978ರ ‘ದಿ ಮ್ಯಾನ್-ಮಷೀನ್’ ಮೇಲು ಅನ್ನುವವರು ಇದ್ದಾರೆ, ಇರಲಿ. ರೈಲಿನ ಹಾಡು ಮಾಡುವುದು ಸುಲಭ, ಕೂ ಅನ್ನಿಸಿದರೆ ಆಯಿತು. ಇವರು ಹಳಿಯ ತಾಳ ಹಿಡಿದಿದ್ದಾರೆ. ಆಲ್ಬಮ್ಮಿನ ಹೆಸರಿನದೇ ಹಾಡು ಮುಗಿಯುವ ಹೊತ್ತಿಗೆ ಅದು ಹಾಗೇ ‘ಮೆಟಲ್ ಆನ್ ಮೆಟಲ್’ ಆಗುತ್ತದೆ. ಮಾತಿಲ್ಲ, ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಕೊಂಕಣ ರೈಲಿನಲ್ಲಿ ಭಟ್ಕಳದ ಕಡೆ ಹೋಗುವಾಗ ಇದನ್ನು ಕೇಳಿ. ಶರಾವತಿ ಸೇತುವೆ 2 ಕಿಲೋಮೀಟರಿಗಿಂತ ಉದ್ದ, ಆ ಲೈನಿನಲ್ಲೇ ಎಲ್ಲಕ್ಕಿಂತ ಉದ್ದದ್ದು. ಗಾಡಿ ಸೇತುವೆಗೆ ಹತ್ತಿದ ಕೂಡಲೇ ಕೆಳಗಿನ ಸದ್ದು ಬದಲಾಗುತ್ತದೆ. ಆಗ ಹೆಡ್‌ಫೋನ್ ಒಂದು ಕಿವಿಯಿಂದ ತೆಗೆದುಬಿಡಿ. ಒಳಗಿನ ತಾಳ ಯಾವುದು, ಹೊರಗಿನದು ಯಾವುದು ಅಂತ ಸ್ವಲ್ಪ ಹೊತ್ತು ತಿಳಿಯುವುದಿಲ್ಲ. 1982ರಲ್ಲಿ ನ್ಯೂಯಾರ್ಕಿನ ಹಿಪ್-ಹಾಪ್ ಕಲಾವಿದ ಆಫ್ರಿಕಾ ಬಂಬಾಟಾ ‘ಪ್ಲಾನೆಟ್ ರಾಕ್’ ಮಾಡುವಾಗ ‘ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್’ ಹಾಡಿನ ಧಾಟಿಯನ್ನೂ ‘ನಂಬರ್ಸ್’ನ ತಾಳವನ್ನೂ ಎತ್ತಿಕೊಂಡರು. ಎತ್ತಿದ್ದು ಸರಿಯಾದ ಜಾಗದಿಂದಲೇ!

ವಿಡಿಯೋಗಳಿಗೆ ಬರೋಣ. ‘ದಿ ರೋಬೋಟ್ಸ್’ ನೋಡದೆ ಇವರ ತಮಾಷೆ ಅರ್ಥವಾಗುವುದಿಲ್ಲ. ಕೆಂಪು ಶರಟು, ಕಪ್ಪು ಟೈ, ಬಾಚಿ ಅಂಟಿಸಿದ ಕೂದಲು. ಜೊತೆಗೆ ತಮ್ಮದೇ ಗೊಂಬೆಗಳು. ಮನುಷ್ಯರು ಗೊಂಬೆಗಳಿಗಿಂತ ಗಟ್ಟಿಯಾಗಿ ನಿಂತಿದ್ದಾರೆ. ಆಮೇಲಿನ ಕಾರ್ಯಕ್ರಮಗಳಲ್ಲಿ ಈ ಹಾಡು ಬಂದಾಗ ಸ್ಟೇಜಿನ ಮೇಲೆ ರೋಬೋಟುಗಳನ್ನು ನಿಲ್ಲಿಸಿ ಇವರು ಒಳಗೆ ಹೋಗುತ್ತಿದ್ದರು. ಆಟದ ರಾತ್ರಿ ಮಿಕ್ಸರ್ ಕಾಯುವುದಕ್ಕೆ ನನಗೂ ಅಂಥದ್ದೊಂದು ಗೊಂಬೆ ಬೇಕು.

ಮಲ್ಲಾಪುರದ ಕೈಗಾ ಅಣುಸ್ಥಾವರದ ಟೌನ್‌ಶಿಪ್ಪಿಗೆ ಹೋದಾಗ ಮಾತ್ರ ನಾನು ಒಂದು ಹಾಡು ಹಾಕುವುದಿಲ್ಲ: 1975ರ ‘ರೇಡಿಯೋ-ಆಕ್ಟಿವಿಟಿ’. ಹಳೆಯದರಲ್ಲಿ ಅರ್ಧ ಅಣುವಿನ ಮಾತು, ಅರ್ಧ ರೇಡಿಯೋದ ಮಾತು, ನಡುವೆ ಮೋರ್ಸ್ ಕೋಡಿನ ಟಿಕ್ ಟಿಕ್. ಹಳೆ ಹಾಡುಗಳನ್ನೇ ಹೊಸದಾಗಿ ಮಾಡಿದ 1991ರ ‘ದಿ ಮಿಕ್ಸ್’ನಲ್ಲಿ ಚೆರ್ನೋಬಿಲ್, ಹಿರೋಶಿಮಾ ಅಂತ ಹೆಸರು ಹೇಳಿ ನಿಲ್ಲಿಸಿ ಅನ್ನುತ್ತಾರೆ. ಅದರ ಬೇಸ್ ಚೆನ್ನಾಗಿದೆ, ಆದರೆ ಮೈ ಜುಮ್ಮೆನ್ನುವುದು ಹಳೆಯದಕ್ಕೇ. ಇನ್ನು ಕೈಗಾದ ಮೊದಲ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತಲ್ವಾ, ಅದಕ್ಕೆ ಹೊಂದುವ ಹಾಡೂ ಇವರಲ್ಲಿದೆ. ಅದನ್ನು ಅಲ್ಲಿ ಧೈರ್ಯವಾಗಿ ಹಾಕಬಹುದು. 1986ರ ‘ಮ್ಯೂಸಿಕ್ ನಾನ್ ಸ್ಟಾಪ್’.

ಅದರ ವಿಡಿಯೋ ಅಮೆರಿಕದ ಕಲಾವಿದೆ ರೆಬೆಕಾ ಆಲನ್ ಕಂಪ್ಯೂಟರಿನಲ್ಲಿ ಮಾಡಿದ್ದು. ನಾಲ್ವರ ಮುಖವೂ ಗೆರೆಗೆರೆಯ ಬಲೆಯಾಗಿ ತಿರುಗುತ್ತದೆ, ಆಮೇಲೆ ಚರ್ಮ ಬರುತ್ತದೆ. ಈಗಿನ ಫೋನಿನಲ್ಲಿ ಮಕ್ಕಳೂ ಮಾಡುವ ಕೆಲಸ, ಸರಿ. ಆದರೂ ಕಣ್ಣು ತೆಗೆಯಲು ಆಗುವುದಿಲ್ಲ. ಆ ಹಾಡಿದ್ದ ‘ಎಲೆಕ್ಟ್ರಿಕ್ ಕೆಫೆ’ ಆಲ್ಬಮ್ ಮಾತ್ರ ಸಪ್ಪೆ. ದುಡ್ಡು ಕೊಟ್ಟು ತೆಗೆದುಕೊಳ್ಳುವಂಥದ್ದಲ್ಲ.

ಹೊಸಬರು ‘ಕಂಪ್ಯೂಟರ್ ವರ್ಲ್ಡ್’ನಿಂದಲೇ ಶುರು ಮಾಡಿ. ಅರ್ಧ ಗಂಟೆಗೆ ಸ್ವಲ್ಪ ಜಾಸ್ತಿ, ಬೇಸರ ಬರುವ ಮೊದಲೇ ಮುಗಿಯುತ್ತದೆ. ಅದರಲ್ಲಿ ‘ಪಾಕೆಟ್ ಕ್ಯಾಲ್ಕುಲೇಟರ್’ ಇದೆ. ಕಾರ್ಯಕ್ರಮದಲ್ಲಿ ಕೈಯಲ್ಲಿದ್ದ ಪುಟ್ಟ ಯಂತ್ರವನ್ನು ಮುಂದೆ ನಿಂತ ಜನರಿಗೆ ಚಾಚಿ, ನೀವೇ ಒತ್ತಿ ಅನ್ನುತ್ತಿದ್ದರು. ಒಂದು ಮದುವೆಯಲ್ಲಿ ಊಟದ ಪಂಕ್ತಿ ಏಳುವ ಹೊತ್ತಿಗೆ ಸುಮ್ನೆ ಇದನ್ನು ಬಿಟ್ಟೆ. ಚಿಕ್ಕ ಮಕ್ಕಳೆಲ್ಲ ಬಾಕ್ಸಿನ ಎದುರು ಬಂದು ಕುಣಿದವು. ಹುಡುಗಿಯ ಸೋದರಮಾವ ಕೈ ತೊಳೆದು ಬಂದವರೇ, ‘ಎಂತದು ಮಾರಾಯಾ ಇದು, ಒಂದು ರಾಜ್‌ಕುಮಾರ್ ಹಾಡು ಹಾಕು’ ಅಂದರು. ಹಾಕಿದೆ. ಮಕ್ಕಳು ಐಸ್‌ಕ್ರೀಮ್ ಕಡೆ ಓಡಿದವು.