ಹಳೇ ಮಾರುತಿ 800, ಮಲ್ಪೆಯ ಉಪ್ಪು ಗಾಳಿ: ಹನ್ನೆರಡು ವರ್ಷದ ಬಳಕೆ

2013ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಗಾಡಿ. 2004ರ ಮಾಡೆಲ್, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಕೊಡುವ ಎಂಜಿನ್), ಎಸಿ ಇದೆ. ನಮ್ಮ ಮನೆಯಿಂದ ಮಲ್ಪೆ ಸಮುದ್ರ ನಾಲ್ಕೇ ಕಿಲೋಮೀಟರ್. ಶೆಡ್ ಇಲ್ಲ, ಹಲಸಿನ ಮರದ ಕೆಳಗೇ ಪಾರ್ಕಿಂಗ್. ಇಷ್ಟು ಹೇಳಿದರೆ ಕರಾವಳಿಯವರಿಗೆ ಉಳಿದ ಕಥೆ ಗೊತ್ತಾಗಿಬಿಡುತ್ತದೆ ಮಾರಾಯ್ರೆ.

ಎಂಜಿನ್ ಬಗ್ಗೆ ನನ್ನದು ದೊಡ್ಡ ದೂರು ಏನೂ ಇಲ್ಲ. 796 ಸಿಸಿ, ಮೂರು ಸಿಲಿಂಡರ್, ಬಾನೆಟ್ ಎತ್ತಿದರೆ ಕೈ ಹಾಕಲು ಎಲ್ಲ ಕಡೆ ಜಾಗ. ಈಗಲೂ ಲೀಟರಿಗೆ ಹದಿನಾರು, ಹೈವೇಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ತೊಂದರೆ ಎಲ್ಲ ಬಂದದ್ದು ನೀರಿನಿಂದ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಮೇಲೆ ಉಪ್ಪು ಗಾಳಿ. ಇದಕ್ಕೆ ಗಾಡಿ ಮಾಡಿದವರನ್ನು ಬೈದು ಪ್ರಯೋಜನ ಇಲ್ಲ. ಅರ್ಧ ತಪ್ಪು ನನ್ನದೇ.

2016ರ ಆಟಿ ತಿಂಗಳು, ಜೋರು ಮಳೆಯ ಕಾಲ. ಗಾಡಿ ಒಳಗೆ ಒದ್ದೆ ಗೋಣಿಯ ವಾಸನೆ. ಕೊಡೆ ತಂದು ಒಳಗೆ ಇಡುವುದರಿಂದ ಇರಬೇಕು ಎಂದು ಸುಮ್ನೆ ಬಿಟ್ಟೆ. ಒಂದು ಭಾನುವಾರ ಡ್ರೈವರ್ ಕಡೆಯ ಮ್ಯಾಟ್ ಎತ್ತಿ, ಅದರ ಕೆಳಗಿನ ಕಾರ್ಪೆಟ್ ಎಳೆದರೆ ಸ್ಪಂಜು ಪೂರ್ತಿ ನೆನೆದಿತ್ತು. ಹಿಂಡಿದರೆ ಅರ್ಧ ಚೆಂಬು ನೀರು ಬಂತು. ತಗಡು ಪದರ ಪದರವಾಗಿ ಎದ್ದಿತ್ತು. ಸ್ಕ್ರೂಡ್ರೈವರ್ ಒತ್ತಿದೆ, ಸೀದಾ ಕೆಳಗೆ ಹೋಯಿತು. ತೂತಿನಲ್ಲಿ ಇಣುಕಿದರೆ ಅಂಗಳದ ಹುಲ್ಲು!

ಅದಕ್ಕೆ ಎರಡು ವರ್ಷ ಮೊದಲೇ ನಾನು ಅಂಡರ್‌ಬಾಡಿ ಕೋಟಿಂಗ್ ಮಾಡಿಸಿದ್ದೆ. ತುಕ್ಕು ಉಜ್ಜದೆ ಅದರ ಮೇಲೇ ಕಪ್ಪು ರಬ್ಬರ್ ಬಳಿದು ಕೊಟ್ಟಿದ್ದರು. ಕೆಳಗಿನಿಂದ ನೋಡಿದರೆ ಹೊಸ ಗಾಡಿ. ಒಳಗೆ ನೀರು ಹೊರಗೆ ಹೋಗಲು ದಾರಿ ಇಲ್ಲದೆ ಕೂತು ತಗಡನ್ನೇ ತಿಂದಿತ್ತು. ಕೊನೆಗೆ ನನ್ನ ಕಾಲು ನಿಂತಿದ್ದು ಆ ರಬ್ಬರಿನ ಮೇಲೆ ಅಂತ ಕಾಣುತ್ತದೆ.

ಮೊದಲ ಟಿಂಕರ್, ಅಂದರೆ ಗಾಡಿಯ ತಗಡು ಕೆಲಸದವ, ಎರಡು ದಿನದಲ್ಲಿ ಕೆಲಸ ಮುಗಿಸಿದ. ಕಡಿಮೆ ದುಡ್ಡು, ನನಗೂ ಖುಷಿ. ಮುಂದಿನ ಮಳೆಗಾಲಕ್ಕೆ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿನ ಹತ್ತಿರ, ತೂತು ಮುಚ್ಚಲು ಮೆತ್ತಿದ್ದ ಪುಟ್ಟಿ ದೋಸೆಯಷ್ಟು ಅಗಲಕ್ಕೆ ಕಳಚಿ ಬಿತ್ತು. ಅದರ ಹಿಂದೆ ಮಡಚಿ ತುರುಕಿದ್ದ ನ್ಯೂಸ್ ಪೇಪರ್. ಬಿಡಿಸಿ ನೋಡಿದೆ, ಯಕ್ಷಗಾನ ಮೇಳಗಳ 'ಇಂದಿನ ಆಟ' ಅಂಕಣ ಇತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಎರಡನೆಯವರು ವಯಸ್ಸಾದ ಟಿಂಕರ್. ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ, "ಮಾಷ್ಟ್ರೆ, ಇದು ಕಾರಲ್ಲ, ಹಪ್ಪಳ" ಅಂದರು. ವೆಲ್ಡಿಂಗ್ ಮಾತೇ ಎತ್ತಲಿಲ್ಲ. "ಮೊದಲು ನೀರು ಎಲ್ಲಿಂದ ಬರ್ತದೆ ನೋಡುವ" ಎಂದು ನನ್ನನ್ನು ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಕೊಟ್ಟು ಮಲಗಿಸಿ, ಹೊರಗಿನಿಂದ ವೈಪರ್ ಬುಡದ ಜಾಲರಿಗೆ ಒಂದು ಕೊಡಪಾನ ನೀರು ನಿಧಾನಕ್ಕೆ ಹೊಯ್ದರು. ಸ್ವಲ್ಪ ಹೊತ್ತಿಗೆ ನೂಲಿನಂತೆ ಒಂದು ಧಾರೆ ಇಳಿದು ನನ್ನ ಕಿವಿಗೇ ಬಿತ್ತು. ಜಾಲರಿ ಬಿಚ್ಚಿದರೆ ಒಳಗೆ ಹಲಸಿನ ಎಲೆ ಕೊಳೆತ ಗೊಬ್ಬರ. ನೀರು ಹೋಗುವ ದಾರಿ ಕಟ್ಟಿ, ತಗಡಿನ ಜೋಡಣೆ ಬಿಟ್ಟ ಕಡೆಯಿಂದ ಒಳಗೆ ಇಳಿಯುತ್ತಿತ್ತು. ಬಾಗಿಲುಗಳದ್ದೂ ಅದೇ ಕಥೆ. ಬಾಗಿಲ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿವೆ, ಅವು ಮಣ್ಣು ಕಟ್ಟಿ ಮುಚ್ಚಿದ್ದವು. ಬಾಗಿಲು ಹಾಕಿದಾಗ ಒಳಗೆ ಚಳ್ ಎಂದು ಸದ್ದು ಬಂದರೆ ನಿಮ್ಮದೂ ಮುಚ್ಚಿದೆ ಎಂದೇ ಲೆಕ್ಕ. ಹಿಡಿಸೂಡಿಯ ಒಂದು ಕಡ್ಡಿ ಸಾಕು, ಐದು ನಿಮಿಷದ ಕೆಲಸ. ನಾನು ಈಗ ಮೇ ತಿಂಗಳಲ್ಲಿ ಒಮ್ಮೆ, ಮಳೆಯ ನಡುವೆ ಒಮ್ಮೆ ಮಾಡುತ್ತೇನೆ.

ಆಮೇಲೆ ವೆಲ್ಡಿಂಗ್. ಸೀಟು, ಕಾರ್ಪೆಟ್ ಎಲ್ಲ ಹೊರಗೆ, ಬ್ಯಾಟರಿ ಕಳಚಿ ಪಕ್ಕಕ್ಕೆ. ಪೆಟ್ರೋಲ್ ಪೈಪು ಹಿಂದಿನ ಟ್ಯಾಂಕಿನಿಂದ ಫ್ಲೋರ್ ಕೆಳಗೇ ಮುಂದಕ್ಕೆ ಬರುತ್ತದೆ, ಅದನ್ನು ನೋಡಿಕೊಳ್ಳದೆ ವೆಲ್ಡಿಂಗ್ ಶುರು ಮಾಡುವವರ ಹತ್ತಿರ ಗಾಡಿ ಕೊಡಬೇಡಿ. ಹಳೇ ತಗಡಿನ ಮೇಲೆ ಹೊಸದನ್ನು ಅಂಟಿಸದೆ, ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಿದರು. ಜೋಡಣೆಗೆ ಸೀಲೆಂಟ್, ಅದರ ಮೇಲೆ ಪ್ರೈಮರ್, ಪೇಂಟ್, ಕೊನೆಗೆ ಕೋಟಿಂಗ್. ಒಂದು ವಾರ ಹಿಡಿಯಿತು, ಖರ್ಚು ಮೊದಲಿನವನ ನಾಲ್ಕು ಪಟ್ಟು. ಆ ಜಾಗ ಇವತ್ತಿಗೂ ಗಟ್ಟಿ ಇದೆ. ರಸ್ಟ್ ಕನ್ವರ್ಟರ್ ಕೂಡ ಬಳಸಿದ್ದೇನೆ. ಮೇಲ್ಮೈ ತುಕ್ಕನ್ನು ಕಪ್ಪು ಮಾಡಿ ನಿಲ್ಲಿಸುತ್ತದೆ, ತೂತು ಬಿದ್ದ ಕಡೆ ಏನೂ ಮಾಡುವುದಿಲ್ಲ. ಹಳೇ ಎಂಜಿನ್ ಆಯಿಲ್ ಬಳಿಯುವವರೂ ಇದ್ದಾರೆ. ಬುಷ್, ರಬ್ಬರ್ ಪೈಪಿಗೆ ತಾಗಿದರೆ ಅವು ಉಬ್ಬಿ ಹಾಳಾಗುತ್ತವೆ, ಹಾಗಾಗಿ ನಾನು ಬಿಟ್ಟೆ.

ಹೊರಗಿನ ನೀರು ಹೀಗಾದರೆ, ಒಳಗಿನದು ಆಗುಂಬೆ ಘಾಟಿಯಲ್ಲಿ ಕೈ ಕೊಟ್ಟಿತು. ಹದಿನಾಲ್ಕು ತಿರುವಿನಲ್ಲಿ ಒಂಬತ್ತನೆಯದಕ್ಕೇ ಟೆಂಪರೇಚರ್ ಮುಳ್ಳು ಮೇಲೆ. ಎಸಿ ಆರಿಸಿ, ಎಂಜಿನ್ನಿನ ಬಿಸಿ ಸ್ವಲ್ಪ ಇಳಿಯಲಿ ಎಂದು ಹೀಟರ್ ಪೂರ್ತಿ ಹಾಕಿ, ಬೆವರು ಸುರಿಸುತ್ತ ಬದಿಗೆ ತಂದು ನಿಲ್ಲಿಸಿದೆ. ಮನೆಯವಳು ಮುಖ ನೋಡಿದ ರೀತಿ ಇಲ್ಲಿ ಬರೆಯುವುದಿಲ್ಲ. ಕಾರಣ ನಾನೇ. ವರ್ಷಗಟ್ಟಲೆ ಕೂಲೆಂಟ್ ಬದಲು ಬಾವಿ ನೀರು ಹೊಯ್ದಿದ್ದೆ, ದುಡ್ಡು ಉಳಿಯಿತಲ್ವಾ ಎಂದು. ರೇಡಿಯೇಟರ್ ಬಿಚ್ಚಿದಾಗ ಕೆಂಪು ಕೆಸರು ಬಂತು, ಕೊಳವೆಗಳಲ್ಲಿ ಅರ್ಧಕ್ಕರ್ಧ ಮುಚ್ಚಿದ್ದವು. ಹೊಸ ರೇಡಿಯೇಟರ್ ಹಾಕಿಸಿ, ಎಂಜಿನ್ ಒಳಗೂ ಫ್ಲಶ್ ಮಾಡಿಸಿ, ಈಗ ಕೂಲೆಂಟ್ ಮಾತ್ರ. ಎಂಜಿನ್ನಿನ ಮೇಲ್ಭಾಗದ ಜೋಡಣೆಗೆ ಹಾಕುವ ಹೆಡ್ ಗ್ಯಾಸ್ಕೆಟ್ ಸುಡದೆ ಉಳಿದದ್ದು ಪುಣ್ಯ. ಬೇರೆ ಒಬ್ಬ ಮೆಕ್ಯಾನಿಕ್ ಮೊದಲೇ, ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಡಿದ್ದ, "ಹೀಟ್ ಆಗ್ಲಿಕ್ಕಿಲ್ಲ" ಎಂದು. ಆಯಿತಲ್ಲ! ಅದನ್ನೂ ಹೊಸದು ಹಾಕಿಸಿದೆ. ಅದಿಲ್ಲದೆ ಎಂಜಿನ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ.

ಇನ್ನು ಚಿಲ್ಲರೆ ಕೆಲಸಗಳು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದಲ್ಲಿ ಟಕ ಟಕ ಬಂದರೆ ಆಕ್ಸಲ್ ಜಾಯಿಂಟ್. ಗ್ರೀಸಿನ ರಬ್ಬರ್ ಬೂಟು ಹರಿದಾಗಲೇ ಬದಲಾಯಿಸಿದ್ದರೆ ನನಗೆ ಜಾಯಿಂಟ್ ಖರ್ಚು ಉಳಿಯುತ್ತಿತ್ತು. ಸ್ಟಾರ್ಟ್ ಮಾಡಿದರೆ ಬರೀ ಕಟ್ ಎನ್ನುತ್ತಿತ್ತು, ಹೊಸ ಬ್ಯಾಟರಿ ತಂದೆ, ಅದೂ ಕಟ್. ಕೊನೆಗೆ ಅರ್ಥ್ ವಯರು ಬಾಡಿಗೆ ಸೇರುವ ಬೋಲ್ಟಿನಲ್ಲಿ ತುಕ್ಕು. ಒಂದು ತುಂಡು ಮರಳು ಕಾಗದದಲ್ಲಿ ಮುಗಿಯಿತು. ಮಳೆಗಾಲದಲ್ಲಿ ನಾಲ್ಕು ದಿನ ನಿಲ್ಲಿಸುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹಿಂದಿನ ಡ್ರಮ್ಮಿಗೆ ಬ್ರೇಕ್ ಶೂ ಹಿಡಿದು ಕೂರುತ್ತದೆ. ಗೇರಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ಆರ್‌ಟಿಒದಲ್ಲಿ 2019ರಲ್ಲಿ ಒಮ್ಮೆ, 2024ರಲ್ಲಿ ಒಮ್ಮೆ ಆರ್‌ಸಿ ನವೀಕರಣ ಆಯಿತು. 2022ರ ಏಪ್ರಿಲ್‌ನಲ್ಲಿ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು, ಹಳೇ ಗಾಡಿಗೆ ಹಾಕುವ ಗ್ರೀನ್ ಟ್ಯಾಕ್ಸ್ ಬೇರೆ. ಹಳೇ ಗಾಡಿ ತೆಗೆದುಕೊಳ್ಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೇಂಟ್ ನೋಡಿ ಮರುಳಾಗಬೇಡಿ. ಒಂದು ಅಯಸ್ಕಾಂತ ಕಿಸೆಯಲ್ಲಿ ಇಟ್ಟುಕೊಂಡು ಹೋಗಿ, ಚಕ್ರದ ಕಮಾನು, ರನ್ನಿಂಗ್ ಬೋರ್ಡಿಗೆ ಹಿಡಿಯಿರಿ, ಹಿಡಿಯದಿದ್ದರೆ ಅಲ್ಲಿ ಪುಟ್ಟಿ. ಮ್ಯಾಟ್ ಎತ್ತಲು ಬಿಡದ ಮಾಲೀಕನ ಹತ್ತಿರ ಚಹಾ ಕುಡಿದು ವಾಪಸ್ ಬನ್ನಿ. ಈ ಗಾಡಿ ಬರುವುದು ನಿಂತದ್ದು 2014ರಲ್ಲಿ, ಆದರೂ ಸ್ಪೇರ್ ಪಾರ್ಟಿಗೆ ನಾನು ಒಮ್ಮೆಯೂ ಉಡುಪಿ ದಾಟಿ ಹೋಗಿಲ್ಲ. ಹನ್ನೆರಡು ಇಂಚಿನ ಟಯರಿಗೆ ಮಾತ್ರ ಒಂದು ವಾರ ಕಾಯಬೇಕಾಯಿತು.

ಗುಜರಿಯವನು ವರ್ಷಕ್ಕೊಮ್ಮೆ ಬಂದು ರೇಟು ಕೇಳುತ್ತಾನೆ. ಮೊನ್ನೆ ತೊಳೆಯುವಾಗ ಹಿಂದಿನ ಎಡ ಚಕ್ರದ ಮೇಲೆ ಪೇಂಟಿನಲ್ಲಿ ಕಡಲೆಯಷ್ಟು ಗುಳ್ಳೆ ಕಂಡಿತು. ಮಳೆ ಬಿಡಲಿ ಎಂದು ಕಾಯುತ್ತಿದ್ದೇನೆ, ಟಿಂಕರಿಗೆ ಹೇಳಿ ಇಟ್ಟಾಗಿದೆ.